ಬಿಚ್ಚಾಣಿಕೆಯ ದಿನಗಳು

ಜೂನ್ 9, 2024, ಭಾನುವಾರ

ಗೆಳೆಯ ಸಂಪಾದಕ ಫೋನ್ ಮಾಡಿ ವಾರವಾಯಿತು. ಮಾರ್ಕ್ಸ್ 1845ರ ವಸಂತದಲ್ಲಿ ಬ್ರಸೆಲ್ಸ್‌ನಲ್ಲಿದ್ದಾಗ ತನಗಾಗಿ ಗೀಚಿಕೊಂಡ ಹನ್ನೊಂದು ಟಿಪ್ಪಣಿಗಳನ್ನು, ಅವೇ ತತ್ವಜ್ಞಾನಿ ಫಾಯರ್‌ಬಾಕ್ ಕುರಿತ ಸೂತ್ರಗಳನ್ನು, ಹೊಸದಾಗಿ ಕನ್ನಡಕ್ಕೆ ತರಬೇಕಂತೆ. ಜೊತೆಗೆ ಅವಕ್ಕೂ ಕಲೆಗೂ ಏನು ನಂಟು ಎಂದು ಹತ್ತು ಪುಟ ಬರೆಯಬೇಕಂತೆ. ‘ರಿಟೈರ್ ಆಗಿ ಸುಮ್ಮನೆ ಕೂತಿದ್ದೀಯಲ್ಲ’ ಎಂದ. ಸೂತ್ರಗಳೆಲ್ಲ ಸೇರಿ ಎರಡೂವರೆ ಪುಟ ದಾಟುವುದಿಲ್ಲ. ಮಾರ್ಕ್ಸ್ ಅವನ್ನು ಅಚ್ಚಿಗೆ ಕೊಡಲೂ ಇಲ್ಲ. ಅವನು ತೀರಿಕೊಂಡು ಐದು ವರ್ಷವಾದ ಮೇಲೆ, 1888ರಲ್ಲಿ, ಎಂಗೆಲ್ಸ್ ತನ್ನದೊಂದು ಪುಸ್ತಕದ ಕೊನೆಗೆ ಸೇರಿಸಿದ. ಎರಡೂವರೆ ಪುಟ ತಾನೇ ಎಂದು ಒಪ್ಪಿಕೊಂಡೆ. ಈಗ ಮೊದಲ ಸೂತ್ರದ ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ.

ಸಿಕ್ಕಿಸಿದ್ದು ಒಂದೇ ಪದ. ಪ್ರಾಕ್ಸಿಸ್. ಇಂಗ್ಲಿಷಿನವರು ಪ್ರಾಕ್ಟೀಸ್ ಎಂದು ಬರೆದು ಕೈತೊಳೆದುಕೊಂಡರು. ನನಗೆ ಆ ಸೌಕರ್ಯವಿಲ್ಲ. ‘ಆಚರಣೆ’ ಎಂದರೆ ಗೌರಿ ಹಬ್ಬ ಕಣ್ಣಮುಂದೆ ಬರುತ್ತದೆ. ‘ಅಭ್ಯಾಸ’ ಎಂದರೆ ಪರೀಕ್ಷೆಗೆ ಓದುವ ಹುಡುಗ, ಇಲ್ಲವೇ ಊಟವಾದ ಮೇಲೆ ಎಲೆಯಡಿಕೆ. ‘ರೂಢಿ’ ಎಂದರೆ ಬದಲಾಗದೆ ಬಂದದ್ದು. ಬದಲಾಯಿಸುವುದೇ ಮುಖ್ಯ ಎಂದವನ ಬಾಯಿಗೆ ಆ ಮಾತನ್ನು ಹೇಗೆ ತುರುಕಲಿ? ‘ಸಾಧನೆ’ ಯೋಗಿಗಳ ಸೊತ್ತು. ‘ಪ್ರಯೋಗ’ ಎಂದರೆ ಕಾಲೇಜಿನ ಲ್ಯಾಬು.

1978ರಲ್ಲಿ ನಮ್ಮದೊಂದು ಅಧ್ಯಯನ ಕೂಟವಿತ್ತು. ನವಕರ್ನಾಟಕದ ಅಂಗಡಿಯಿಂದ ತಂದ ಅಗ್ಗದ ಸೋವಿಯತ್ ಪುಸ್ತಕಗಳು, ಒಂದು ಸೀಮೆಎಣ್ಣೆ ಸ್ಟೌವು, ಆರು ಜನ. ಮಾವೋ 1937ರಲ್ಲಿ ಯೆನಾನ್‌ನಲ್ಲಿ ಇದೇ ಪ್ರಾಕ್ಸಿಸ್ ಮೇಲೆ ಮಾಡಿದ ಭಾಷಣವನ್ನು ಓದುತ್ತಿದ್ದೆವು. ಪೇರ್ ಹಣ್ಣಿನ ರುಚಿ ತಿಳಿಯಬೇಕಾದರೆ ಅದನ್ನು ಅಗಿದು ಬೇರೆ ರೂಪಕ್ಕೆ ತರಬೇಕು ಎಂಬ ಅವನ ವಾದವನ್ನು ಗಂಟೆಗಟ್ಟಲೆ ವಿವರಿಸುತ್ತಿದ್ದ ನಮ್ಮಲ್ಲಿ ಒಬ್ಬರೂ ಪೇರ್ ಹಣ್ಣನ್ನು ಕಂಡಿರಲಿಲ್ಲ. ಆಗ ನಾವು ‘ಪ್ರಾಕ್ಟೀಸ್’ ಎಂದೇ ಹೇಳುತ್ತಿದ್ದೆವು. ನಮ್ಮ ಶಿಡ್ಲಘಟ್ಟದಲ್ಲಿ ವಕೀಲರು ಪ್ರಾಕ್ಟೀಸ್ ಮಾಡುತ್ತಾರೆ, ಡಾಕ್ಟರು ಪ್ರಾಕ್ಟೀಸ್ ಮಾಡುತ್ತಾರೆ. ರೇಷ್ಮೆ ಗೂಡು ಬೇಯಿಸುವವರದು ಮಾತ್ರ ಕೆಲಸ.

ಜೂನ್ 11, ಮಂಗಳವಾರ

ಎದುರು ಮನೆಯ ಭಾಯಿಯ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋಗಿ ಕೂತೆ. ಮೂವತ್ತು ವರ್ಷ ಎದುರುಬದುರು ಇದ್ದೂ ಒಳಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಂತವನಲ್ಲ. ವಾಸನೆಯ ನೆಪ. ಬೆಂದ ಹುಳುವಿನ ಆ ವಾಸನೆ ಹೊರಗಿನವರಿಗೆ ಬಸ್ ಸ್ಟ್ಯಾಂಡಿನಲ್ಲೇ ಮೂಗಿಗೆ ಬಡಿಯುತ್ತದೆ. ನಮಗೆ ಊರು ಬಿಟ್ಟು ನಾಲ್ಕು ದಿನ ಇದ್ದು ಬಂದರೆ ಮಾತ್ರ ಗೊತ್ತಾಗುತ್ತದೆ.

ಶೆಡ್ಡಿನಲ್ಲಿ ಒಂದು ಬದಿ ಬೇಸಿನ್‌ಗಳು, ಇನ್ನೊಂದು ಬದಿ ಹಳೆಯ ಮೂರು ಚರಕ. ಚರಕದ ಮುಂದೆ ಕೂರುವ ಹೆಂಗಸಿಗೆ ಐವತ್ತರ ಮೇಲೆ. ಹನ್ನೆರಡನೇ ವಯಸ್ಸಿಗೆ ಈ ಕೆಲಸಕ್ಕೆ ಬಂದವರು. ಒಲೆಯ ಮೇಲೆ ನೀರು ಕುದಿಯುತ್ತಿರುತ್ತದೆ, ಗೂಡು ಅದರಲ್ಲಿ ಬೇಯುತ್ತಿರುತ್ತದೆ. ಹುಳು ಎರಡು ಎಳೆಗಳನ್ನು ಅಂಟಿನಿಂದ ಒಂದು ಮಾಡಿ ಸುತ್ತಿಕೊಂಡಿರುತ್ತದಲ್ಲ, ಆ ಅಂಟು ಸಡಿಲವಾಗಬೇಕು, ಪೂರ್ತಿ ಹೋಗಬಾರದು. ಕಡಿಮೆ ಬೆಂದರೆ ಎಳೆ ಪಟಪಟನೆ ಕಿತ್ತುಹೋಗುತ್ತದೆ. ಹೆಚ್ಚು ಬೆಂದರೆ ಪದರ ಪದರವಾಗಿ ಮುದ್ದೆಯಾಗಿ ಎದ್ದು ಬರುತ್ತದೆ, ವೇಸ್ಟಿಗೆ ಹೋಗುತ್ತದೆ.

‘ಹದ ಬಂತು ಅಂತ ಹೆಂಗೆ ಗೊತ್ತಾಗುತ್ತಮ್ಮ?’ ಎಂದೆ.

‘ನೋಡ್ತಾ ಕೂತ್ರೆ ಗೊತ್ತಾಗಲ್ಲ ಮೇಷ್ಟ್ರೇ. ಕೈ ಹಾಕಿದ್ರೆ ಗೊತ್ತಾಗ್ತದೆ.’

ಜೇಬಿನಲ್ಲಿದ್ದ ಚೀಟಿಯ ಮೇಲೆ ಇದನ್ನು ಬರೆದುಕೊಂಡೆ. ಅವರು ನಕ್ಕರು. ಮಾರ್ಕ್ಸ್ ತನಗಿಂತ ಹಿಂದಿನ ಭೌತವಾದಿಗಳ ಮೇಲೆ ಹೊರಿಸಿದ ದೂರು ಹೆಚ್ಚುಕಡಿಮೆ ಇದೇ. ಅವರು ಲೋಕವನ್ನು ಎದುರಿಗಿಟ್ಟುಕೊಂಡು ನೋಡುತ್ತ ಕೂತರು, ಕೈ ಹಾಕಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಏಳೆಂಟು ಗೂಡಿನ ಎಳೆ ಕೂಡಿಸಿದರೆ ಒಂದು ನೂಲು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆ ಕೊಡಬೇಕು, ಇಲ್ಲದಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ. ಮುಗಿಯಲು ಬಂದ ಗೂಡು ತೆಳ್ಳಗಾಗಿ ಒಳಗಿನ ಹುಳು ಕಪ್ಪಗೆ ಕಾಣುತ್ತದೆ. ಆಕೆ ಅಷ್ಟರವರೆಗೂ ಕಾಯುವುದಿಲ್ಲ. ನನ್ನ ಜೊತೆ ಮಗಳ ಬಾಣಂತನದ ಮಾತಾಡುತ್ತಲೇ ಬೆರಳು ಹೋಗಿ ಎಳೆ ಕೊಟ್ಟು ಬರುತ್ತದೆ. ಎಣಿಸುತ್ತೀರಾ ಎಂದರೆ, ‘ಎಣಿಸಿದ್ರೆ ಕೆಲಸ ಕೆಟ್ಟೋಗ್ತದೆ’ ಎಂದರು. ‘ಮಾಡ್ತಾ ಮಾಡ್ತಾ ಕೈ ಕುದುರ್ತದೆ.’

ಜೂನ್ 13, ಗುರುವಾರ

ಬೆಳಿಗ್ಗೆ ಭಾಯಿಯ ಬೈಕಿನ ಹಿಂದೆ ಕೂತು ಗೂಡಿನ ಮಾರುಕಟ್ಟೆಗೆ ಹೋದೆ. ರಾಮನಗರ ಬಿಟ್ಟರೆ ದೊಡ್ಡದು ನಮ್ಮದೇ ಎಂದು ಊರಿನವರೆಲ್ಲ ಹೆಮ್ಮೆಪಡುವ ಜಾಗ. ಈಗ ಇ-ಹರಾಜು. ಕೂಗಾಟವಿಲ್ಲ, ಎಲ್ಲರೂ ಮೊಬೈಲಿಗೆ ತಲೆ ಬಗ್ಗಿಸಿರುತ್ತಾರೆ. ಆದರೆ ಬೆಲೆ ಒತ್ತುವ ಮೊದಲಿನ ಕೆಲಸ ಏನೂ ಬದಲಾಗಿಲ್ಲ. ಲಾಟಿನೊಳಕ್ಕೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆಯುತ್ತಾರೆ. ರೈತ ಮೇಲೆ ಒಳ್ಳೆಯದನ್ನು ಹರಡಿರುತ್ತಾನೆ ಎಂಬ ಅನುಮಾನ ತಲೆಮಾರುಗಳಷ್ಟು ಹಳೆಯದು. ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಆಮೇಲೆ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

ಭಾಯಿ ಎರಡು ಗೂಡು ನನ್ನ ಕೈಗೆ ಕೊಟ್ಟರು. ‘ಒಂದು ಒಳ್ಳೇದು, ಒಂದು ಕೆಟ್ಟದ್ದು. ಹೇಳಿ ಸಾರ್.’ ಎರಡೂ ಕಟಕಟ ಎಂದವು. ಎರಡೂ ಒಂದೇ ಎಂದೆ. ಪಕ್ಕದಲ್ಲಿದ್ದ ಹದಿನೆಂಟರ ಹುಡುಗನೂ ನಕ್ಕ. ಒಳಗೆ ಹುಳು ಕರಗಿದ್ದರೆ, ಸರಿಯಾಗಿ ಕೋಶವಾಗದೆ ಗೋಡೆಗೆ ಅಂಟಿದ್ದರೆ ಸದ್ದು ಮಂಕಾಗುತ್ತದಂತೆ. ಆ ಮಂಕು ನನ್ನ ಕಿವಿಗೆ ಇಲ್ಲ. ನಲವತ್ತು ವರ್ಷ ಛಂದಸ್ಸು ಪಾಠ ಮಾಡಿದ ಕಿವಿ ಇದು.

ಮನೆಗೆ ಬಂದು 1844ರ ಹಸ್ತಪ್ರತಿಗಳನ್ನು ತೆಗೆದೆ. ಅವು ಬೆಳಕು ಕಂಡದ್ದು 1932ರಲ್ಲಿ. ಐದು ಇಂದ್ರಿಯಗಳೂ ಇಂದು ಇರುವಂತಾಗಲು ಲೋಕದ ಇಡೀ ಚರಿತ್ರೆಯೇ ದುಡಿದಿದೆ, ಸಂಗೀತದ ಕಿವಿ ಇಲ್ಲದವನಿಗೆ ಎಷ್ಟು ಚೆಂದದ ಸಂಗೀತವೂ ವಸ್ತುವೇ ಅಲ್ಲ ಎನ್ನುತ್ತಾನೆ ಅಲ್ಲಿ. ಅದಕ್ಕೆ ಇವತ್ತು ನಾನೇ ಸಾಕ್ಷಿ. ಆದರೆ ಅದೇ ಪುಟದಲ್ಲಿ ಖನಿಜದ ವ್ಯಾಪಾರಿಯ ಮಾತು ಬರುತ್ತದೆ. ಅವನಿಗೆ ಕಲ್ಲಿನ ಮಾರುಕಟ್ಟೆ ಬೆಲೆ ಕಾಣುತ್ತದೆಯೇ ಹೊರತು ಅದರ ಚೆಲುವು ಕಾಣುವುದಿಲ್ಲವಂತೆ. ಇಲ್ಲಿ ನನಗೆ ತಕರಾರಿದೆ. ಭಾಯಿ ಹಿಡಿಗೂಡನ್ನು ಬೆಳಕಿಗೆ ತಿರುಗಿಸಿ ‘ಏನು ಚೆನ್ನಾಗಿ ಕಟ್ಟವ್ನೆ’ ಎಂದಾಗ ಅದು ರೆಂಡಿಟ್ಟಾದ ಲೆಕ್ಕವೂ ಹೌದು, ಹೊಗಳಿಕೆಯೂ ಹೌದು. ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತು ಎಂದು ಮನಸ್ಸು ಗುಣಿಸುತ್ತಿರುವಾಗಲೇ ಬೆರಳು ಆ ಗಟ್ಟಿ ಚಿಪ್ಪನ್ನು ಸವರುತ್ತಿತ್ತು. ಬೆಲೆಯೇ ಆ ಕಿವಿಯನ್ನು ತಿದ್ದಿತು. ಇಪ್ಪತ್ತಾರು ವರ್ಷದ ಮಾರ್ಕ್ಸ್ ಪ್ಯಾರಿಸ್ಸಿನಲ್ಲಿ ಕೂತು ಬರೆದದ್ದು ಅದು. ಒಂದು ಬೆಳಿಗ್ಗೆ ಈ ಮಾರುಕಟ್ಟೆಗೆ ಬಂದಿದ್ದರೆ ಆ ವಾಕ್ಯ ಹೊಡೆದು ಹಾಕುತ್ತಿದ್ದ ಎಂದು ನನ್ನ ಹಟ.

ಜೂನ್ 17, ಸೋಮವಾರ

ಬಕ್ರೀದ್. ಬೀದಿಯ ಶೆಡ್ಡುಗಳೆಲ್ಲ ಮುಚ್ಚಿವೆ. ಮೋಟರು ನಿಂತು, ಗೋಡೆ ಗಡಿಯಾರದ ಸದ್ದು ಕೇಳುತ್ತಿದೆ. ಎದುರು ಮನೆಯಿಂದ ನಮಗೆಂದು ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ಬಂತು. ಇಡೀ ದಿನ ಓದಿದೆ.

ಮಾರ್ಕ್ಸ್‌ಗೆ ರೇಷ್ಮೆ ಹುಳುವಿನ ಮೇಲೆ ಕಣ್ಣಿತ್ತು ಎಂಬುದು ಈ ಊರಿನವನಾದ ನನಗೆ ಇಷ್ಟು ದಿನ ಹೊಳೆಯಲೇ ಇಲ್ಲ. ಎರಡು ಕಡೆಯಾದರೂ ತರುತ್ತಾನೆ. 1847ರಲ್ಲಿ ಬ್ರಸೆಲ್ಸ್‌ನ ಕಾರ್ಮಿಕರಿಗೆ ಕೂಲಿ ಮತ್ತು ಬಂಡವಾಳದ ಬಗ್ಗೆ ಉಪನ್ಯಾಸ ಕೊಟ್ಟನಲ್ಲ, 1849ರಲ್ಲಿ ಅಚ್ಚಾಯಿತು, ಅಲ್ಲಿ ಹೇಳುತ್ತಾನೆ: ಹುಳು ಹುಳುವಾಗಿಯೇ ಬದುಕಿಕೊಂಡಿರಲಿಕ್ಕೆಂದು ನೂಲು ತೆಗೆಯುವಂತಿದ್ದರೆ ಅದು ಪಕ್ಕಾ ಕೂಲಿಯಾಳಾಗುತ್ತಿತ್ತು. ಇನ್ನೊಂದು, 1861ರಿಂದ 63ರ ನಡುವಿನ ಹಸ್ತಪ್ರತಿಗಳಲ್ಲಿ. ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಬರೆದದ್ದು ಹುಳು ನೂಲು ತೆಗೆದಂತೆ, ಅದು ಅವನ ಸ್ವಭಾವದ ಚಟುವಟಿಕೆ. ಆಮೇಲೆ ಐದು ಪೌಂಡಿಗೆ ಮಾರಿದ. ಪ್ರಕಾಶಕನ ಅಪ್ಪಣೆಯ ಮೇರೆಗೆ ಪುಸ್ತಕ ತಯಾರಿಸುವ ಬರಹಗಾರನದು ಬೇರೆಯೇ ಕಥೆ. ಅಂದರೆ ಒಂದೇ ಹುಳು ಒಂದು ಕಡೆ ಕೂಲಿಗೆ ಎದುರು ಮಾದರಿ, ಇನ್ನೊಂದು ಕಡೆ ಕವಿಗೆ ಮಾದರಿ. ಇವೆರಡರ ನಂತರ, 1867ರ ‘ಬಂಡವಾಳ’ದಲ್ಲಿ, ಜೇಡ ಮತ್ತು ಜೇನು ಬರುತ್ತವೆ. ಎಷ್ಟೇ ಕುಸುರಿಯ ಗೂಡು ಕಟ್ಟಿದರೂ ಜೇನು ಶಿಲ್ಪಿಯಾಗುವುದಿಲ್ಲ, ಯಾಕೆಂದರೆ ಶಿಲ್ಪಿ ಮೊದಲು ತಲೆಯಲ್ಲಿ ಕಟ್ಟುತ್ತಾನೆ. ಹಾಗಾದರೆ ಮಿಲ್ಟನ್ ಯಾರ ಕಡೆ, ಹುಳುವಿನದೋ ಶಿಲ್ಪಿಯದೋ? ಮಾರ್ಕ್ಸ್ ಎರಡನ್ನೂ ಒಂದೇ ಕಡೆ ಇಟ್ಟು ನೋಡಲಿಲ್ಲ.

ನನಗೆ ಇದಕ್ಕಿಂತ ದೊಡ್ಡ ಅನುಮಾನ ಬೇರೆ ಇದೆ. ಸ್ವಭಾವ ಎನ್ನುತ್ತಾನಲ್ಲ, ಯಾವ ಹುಳುವಿನ ಸ್ವಭಾವ? ಫಾಯರ್‌ಬಾಕ್‌ನನ್ನು ಕಿಚಾಯಿಸುತ್ತ ಮಾರ್ಕ್ಸ್, ಎಂಗೆಲ್ಸ್ ಇಬ್ಬರೂ 1845-46ರಲ್ಲಿ ಚೆರಿ ಮರದ ಉದಾಹರಣೆ ಕೊಟ್ಟಿದ್ದರು. ಕಿಟಕಿಯಾಚೆ ಕಾಣುವ ಚೆರಿ ಮರವನ್ನು ಶುದ್ಧ ಪ್ರಕೃತಿ ಎಂದುಕೊಂಡಿದ್ದೀಯಲ್ಲ ಮಾರಾಯ, ಕೆಲವೇ ಶತಮಾನದ ಹಿಂದೆ ವ್ಯಾಪಾರ ಅದನ್ನು ನಿಮ್ಮ ಸೀಮೆಗೆ ತಂದಿತು, ಅದು ನಿನ್ನ ಕಣ್ಣಿಗೆ ಬಿದ್ದದ್ದೇ ಚರಿತ್ರೆಯಿಂದ ಎಂಬುದು ಅದರ ಸಾರ. ಆ ಮಾತನ್ನೇ ಅವನ ಹುಳುವಿಗೆ ಹಚ್ಚಿದರೆ? ಚೀನಾದಲ್ಲಿ ಕಾಡುಹುಳುವನ್ನು ಮನೆಗೆ ತಂದು ಸಾವಿರಾರು ವರ್ಷ ಪಳಗಿಸಿ ಮಾಡಿದ ಪ್ರಾಣಿ ಇದು. ಇದರ ಚಿಟ್ಟೆಗೆ ರೆಕ್ಕೆ ಇದೆ, ಹಾರಲು ಬಾರದು. ನಮ್ಮ ಸೀಮೆಗೆ ಇದನ್ನು ತಂದವನು ಟಿಪ್ಪು. ನೂರು ವರ್ಷದ ಮೇಲೆ ಜೆಮ್‌ಶೆಟ್‌ಜಿ ಟಾಟಾ ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದ. ಇವತ್ತು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬಿದ್ದಿರುವ ಹಳದಿ ಗೂಡಿಗೆ ತಾಯಿ ಮೈಸೂರು ತಳಿ, ತಂದೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಬೆಳೆಸಿದ ಸಿ.ಎಸ್.ಆರ್-2. ಈ ಹುಳುವಿನ ‘ಸ್ವಭಾವ’ಕ್ಕೆ ಸರ್ಕಾರಿ ಕಡತವಿದೆ!

ಮಿಲ್ಟನ್‌ನದೂ ಅದೇ. 1652ರ ಹೊತ್ತಿಗೆ ಕಣ್ಣು ಪೂರ್ತಿ ಹೋಗಿತ್ತು. ಅವನು ಹೇಳುತ್ತಿದ್ದ, ಬೇರೆಯವರು ಬರೆದುಕೊಳ್ಳುತ್ತಿದ್ದರು. ಹೋಮರ್, ವರ್ಜಿಲ್, ಬೈಬಲ್ಲು ಅರೆದು ಕುಡಿದು, ರಾಜನ ತಲೆ ಹಾರಿಸಿದ ಸರ್ಕಾರದಲ್ಲಿ ಕಾರ್ಯದರ್ಶಿಯಾಗಿದ್ದು, ಆ ಸರ್ಕಾರ ಮುರಿದುಬಿದ್ದ ಮೇಲೆ ತಲೆ ಉಳಿಸಿಕೊಂಡವನು. ಎಂಥ ಸೊಪ್ಪು ತಿಂದಿತ್ತು ಆ ಹುಳು!

ಹುಳುವಿನ ಸ್ವಭಾವದೊಳಗೂ ಕವಿಯ ಸ್ವಭಾವದೊಳಗೂ ಪ್ರಾಕ್ಸಿಸ್ ಹೊಕ್ಕಿದೆ ಎಂದು ಬರೆಯಲು ಹೋದೆ. ಮತ್ತೆ ಆ ಪದ.

ಜೂನ್ 19, ಬುಧವಾರ

ಮೇಲೂರಿನ ಹತ್ತಿರ ಸೋದರಳಿಯನ ಹುಳು ಮನೆ. ಎರಡು ತಟ್ಟೆ ಹುಳು ಮೂರನೇ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ಹುಳು ಮೇವು ಬಿಟ್ಟು ತಲೆ ಎತ್ತಿ ಧ್ಯಾನಕ್ಕೆ ಕೂತಂತೆ ಕೂರುತ್ತದೆ, ಮನೆಯವರು ಆಗ ಮೆಲ್ಲಗೆ ಓಡಾಡುತ್ತಾರೆ.

ಪಳಗಿದ ಹುಳು ತಾನಾಗಿ ಸೊಪ್ಪು ಹುಡುಕೀತೇ ಎಂದು ಒಂದು ಪರೀಕ್ಷೆ ಮಾಡಿದೆ. ನಾಲ್ಕು ಹುಳುವನ್ನು ಸೊಪ್ಪಿನಿಂದ ಗೇಣು ದೂರ ಇಟ್ಟೆ. ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ಜಿಲ್ಲೆಯವನಾಗಿ ಒಂದೇ ಹುಳುವಿನಿಂದ ತೀರ್ಮಾನಕ್ಕೆ ಬರುವುದು ನಾಚಿಕೆಗೇಡು. ಮೂರು ಅಲ್ಲೇ ತಲೆ ಆಡಿಸುತ್ತಿದ್ದವು. ಒಂದು ಎರಡು ಬೆರಳಿನಷ್ಟು ತೆವಳಿ ನಿಂತಿತು. ಅಳಿಯ, ‘ಯಾಕೆ ಮಾವ ಅವಕ್ಕೆ ಗೋಳು’ ಎಂದು ಎತ್ತಿ ಸೊಪ್ಪಿನ ಮೇಲೆ ಹಾಕಿದ.

ಸೊಪ್ಪಿಗೆ ನೀರು ಎಲ್ಲಿಂದ? ಬೋರ್‌ವೆಲ್ ಸಾವಿರ ಅಡಿ ದಾಟಿ ಸುಮ್ಮನಾಗಿತ್ತು. ಈಗ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ ಎಚ್.ಎನ್. ವ್ಯಾಲಿ ಯೋಜನೆಯ ಪೈಪಿನಲ್ಲಿ ನಮ್ಮ ಕಡೆಯ ಕೆರೆಗಳಿಗೆ ಬರುತ್ತಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಜಗುಲಿಯ ಮೇಲೆ ಜಗಳವಾಯಿತು, ತೀರ್ಮಾನವಾಗಲಿಲ್ಲ. ಹೋಗಲಿ, ಚೆರಿ ಮರದ ವಾದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಇನ್ನೊಂದು ಬದಿಯಲ್ಲಿ ಹಣ್ಣಾದ ಹುಳು ಚಂದ್ರಿಕೆಯಲ್ಲಿ ಕಟ್ಟುತ್ತಿದ್ದವು. ತಲೆಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಆಡಿಸುತ್ತ, ಎರಡು ಮೂರು ದಿನ, ನಿಲ್ಲಿಸದೆ. ಚಂದ್ರಿಕೆಯ ಬಿದಿರು ಸುರುಳಿ ಯಾರು ಮೊದಲು ಹೆಣೆದರೋ. ಹುಳುವಿಗೆ ಕಟ್ಟಲು ಅನುಕೂಲ, ಮನುಷ್ಯನಿಗೆ ಬಿಡಿಸಲು ಅನುಕೂಲ, ನೋಡಿದರೆ ಕಣ್ಣು ತುಂಬುತ್ತದೆ. ಈಗ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಹಗುರ, ತೊಳೆಯಬಹುದು, ರೋಗ ಕಡಿಮೆ. ಕಣ್ಣು ತುಂಬುವುದಿಲ್ಲ. ಅಳಿಯನನ್ನು ದೂರುವ ಹಕ್ಕು ನನಗಿಲ್ಲ, ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಎಸೆದ ವರ್ಷ ಅವನ ಮನೆಯಲ್ಲಿದ್ದೆ.

ಜೂನ್ 22, ಶನಿವಾರ

‘ಕಾಯಕ’ ಎಂದೇ ಇಟ್ಟುಬಿಡೋಣ ಎಂದು ರಾತ್ರಿ ತೀರ್ಮಾನಿಸಿ ಮಲಗಿದ್ದೆ. ಕನ್ನಡದಲ್ಲಿ ಅದಕ್ಕಿಂತ ತೂಕದ ಪದ ಎಲ್ಲಿದೆ? ಶರಣ ನುಲಿಯ ಚಂದಯ್ಯನ ಕಥೆ ಶೂನ್ಯಸಂಪಾದನೆಯಲ್ಲಿದೆ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ಬಿತ್ತು. ಅವನು ಹುಲ್ಲಿನ ಹೊರೆ ಹೊತ್ತು ಹೊರಟೇಬಿಟ್ಟ, ಹಗ್ಗ ಹೊಸೆಯುವ ಹೊತ್ತು ಮೀರುತ್ತದೆಂದು. ಕದಿರ ರೆಮ್ಮವ್ವೆ ನೂಲುವ ರಾಟೆಯ ಅಂಗಗಳಲ್ಲಿ ದೇವರುಗಳನ್ನು ಕಂಡು ವಚನ ಕಟ್ಟಿದಳು. ಹನ್ನೆರಡನೇ ಶತಮಾನದಲ್ಲಿ ಹಗ್ಗದವನೂ ನೂಲಿನವಳೂ ತತ್ವದ ಚಾವಡಿಗೆ ತಮ್ಮ ಕಸುಬನ್ನೇ ಹಿಡಿದುಕೊಂಡು ಬಂದರು. ಕೈಕೆಲಸವನ್ನು ಕೀಳೆಂದ ತಾತ್ಸಾರದ ಮೇಲೆಯೇ ನಮ್ಮ ಭಾವವಾದ ಬೆಳೆಯಿತು ಎಂದು ದೇವಿಪ್ರಸಾದ್ ಚಟ್ಟೋಪಾಧ್ಯಾಯರು ‘ಲೋಕಾಯತ’ (1959) ಮೊದಲಾದ ಪುಸ್ತಕಗಳಲ್ಲಿ ವಾದಿಸಿದರಲ್ಲ, ಆ ಭಾವವಾದಕ್ಕೆ ಇಷ್ಟು ಚೆನ್ನಾದ ಎದುರೇಟು ಬೇರೆಲ್ಲಿ ಸಿಕ್ಕೀತು?

ಬೆಳಿಗ್ಗೆ ಇದೇ ಹುರುಪಿನಲ್ಲಿ ಶೆಡ್ಡಿಗೆ ಹೋದೆ. ಚರಕದ ಹೆಂಗಸಿನ ಎಡಗೈಗೆ ಬಟ್ಟೆ ಸುತ್ತಿತ್ತು. ನಿನ್ನೆ ನೀರು ತುಳುಕಿತಂತೆ. ಒಂದು ದಿನದ ಕೂಲಿ ಹೋಗುತ್ತದೆಂದು ಬಲಗೈಯಲ್ಲೇ ಕೂತಿದ್ದರು. ನಾನು ಬಟ್ಟೆಯನ್ನೇ ನೋಡುವುದನ್ನು ಕಂಡು, ‘ಇದೇನ್ ಬಿಡಿ ಸಾರ್. ಬೆರಳಿಗೆ ಬಿಸಿ ಗೊತ್ತಾಗೋದೇ ಹೊಂಟೋಗದೆ. ಮೊಮ್ಮಗೂಗೆ ನೀರು ಹಾಕೋವಾಗ ಮೊಣಕೈ ಅದ್ದಿ ನೋಡ್ತೀನಿ’ ಎಂದರು.

ಹೊರಗೆ ಬಂದು ಬಹಳ ಹೊತ್ತು ನಿಂತೆ. ಇಂದ್ರಿಯಗಳನ್ನು ಚರಿತ್ರೆ ರೂಪಿಸುತ್ತದೆ ಎಂದು ಗುರುವಾರ ಎಷ್ಟು ಸಲೀಸಾಗಿ ಬರೆದೆ. ಗೂಡಿನ ಹದ ತಿಳಿದ ಬೆರಳೇ ಮಗುವಿನ ನೀರಿನ ಹದ ಕಳೆದುಕೊಂಡಿತು. ಈ ಕೈಯ ಮುಂದೆ ನಿಂತು ‘ಕಾಯಕ’ ಎನ್ನಲು ನಾಲಗೆ ಏಳಲಿಲ್ಲ. ಚಂದಯ್ಯ ಹೊಸೆದ ಹಗ್ಗ ಚಂದಯ್ಯನದು, ಎಲ್ಲಿ ಮಾರಬೇಕು, ಬಂದದ್ದರಲ್ಲಿ ಯಾರಿಗೆ ಉಣಿಸಬೇಕು ಎಂಬುದೂ ಅವನದೇ. ಈ ನೂಲು ಸಂಜೆಗೆ ಭಾಯಿಯದು, ನಾಳೆ ವ್ಯಾಪಾರಿಯದು. ಪವಿತ್ರವಾದ ಪದವೊಂದನ್ನು ಹೊದಿಸಿದರೆ ಕೂಲಿಯ ಮಾತು ಒಳಗೇ ಬೆವರಿ ಸಾಯುತ್ತದೆ. ಈಗಂತೂ ಕಚೇರಿಗಳ ಗೋಡೆಗೆಲ್ಲ ಆ ಪದ ಅಂಟಿಸಿ, ಅದರ ಕೆಳಗೆ ಕೂತವರು ಫೈಲು ಮುಟ್ಟುವುದಿಲ್ಲ.

ಭಾಯಿಯ ಮೇಲೆ ಸಿಟ್ಟು ಬರುತ್ತದೆಯೇ ಎಂದು ಕೇಳಿಕೊಂಡೆ. ಅವರಿಗೂ ಉಬ್ಬಸ, ಅವರೂ ಅದೇ ಹೊಗೆಯಲ್ಲಿ ಬೆಳೆದವರು. ಗೂಡಿನ ರೇಟು ಮೇಲೆ ಹೋಗಿ ನೂಲಿನ ರೇಟು ಕೆಳಗೆ ಬಂದ ವಾರ ಅವರ ಮನೆಯಲ್ಲಿ ಒಬ್ಬರೂ ಮಾತಾಡುವುದಿಲ್ಲ.

ಜೂನ್ 27, ಗುರುವಾರ

ಸಿಕ್ಕಿತು!

ಹುಡುಕಿದ್ದು ನಿಘಂಟಿನಲ್ಲಲ್ಲ. ಮೊಮ್ಮಗಳಿಗೆ ವ್ಯಾಕರಣ ಹೇಳಿಕೊಡುತ್ತಿದ್ದೆ. ಓಡು-ಓಟ, ಆಡು-ಆಟ, ಕೂಡು-ಕೂಟ, ಕಾಡು-ಕಾಟ, ನೋಡು-ನೋಟ. ‘ಮಾಡು?’ ಎಂದಳು. ಬಾಯಿ ತೆರೆದವನು ಹಾಗೇ ಕೂತೆ. ಮಾಡು-ಮಾಟ.

ಆಮೇಲೆ ನಿಘಂಟು ತೆಗೆದೆ. ಮಾಡುವಿಕೆ. ಮಾಡಿದ ರೀತಿ. ಚೆಲುವು, ಆಕಾರದ ಅಂದ. ಕೊನೆಗೆ, ಮದ್ದುಮಾಟ. ಎಲ್ಲ ಒಂದೇ ಪದದೊಳಗೆ. ‘ಮಾಟವಾದ ಮೂಗು’ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಇದೇ ಮಾಟ. ಚೆನ್ನಾಗಿ ಮಾಡಿದ್ದು ಚೆನ್ನಾಗಿ ಕಾಣುತ್ತದೆ ಎಂದು ಕನ್ನಡ ಯಾವತ್ತೋ ತೀರ್ಮಾನಿಸಿ, ಕ್ರಿಯೆಗೂ ಸೊಬಗಿಗೂ ಒಂದೇ ಹೆಸರಿಟ್ಟು ಸುಮ್ಮನಾಗಿದೆ. ಸೌಂದರ್ಯದ ನಿಯಮಗಳಿಗನುಸಾರವಾಗಿಯೂ ಮನುಷ್ಯ ವಸ್ತುಗಳನ್ನು ರೂಪಿಸುತ್ತಾನೆ ಎಂದು 1844ರ ಹಸ್ತಪ್ರತಿಯಲ್ಲಿ ಬರುವ ಮಾತಿಗೆ ನಾಲ್ಕು ಪುಟ ವ್ಯಾಖ್ಯಾನ ಬರೆದಿಟ್ಟಿದ್ದೆ. ಅಜ್ಜಿಗೆ ಎರಡಕ್ಷರ ಸಾಕಾಗಿತ್ತು.

ಇನ್ನೂ ಇದೆ. ಮೊದಲ ಸೂತ್ರದಲ್ಲಿ ಮಾರ್ಕ್ಸ್ ಎದುರುಬದುರು ನಿಲ್ಲಿಸುವುದು ಎರಡನ್ನು. ಒಂದು ಆನ್‌ಶಾವುಂಗ್, ನೋಡುವಿಕೆ. ಇನ್ನೊಂದು ಪ್ರಾಕ್ಸಿಸ್. ನೋಟ ಮತ್ತು ಮಾಟ! ಗ್ರೀಕರ ಥಿಯರಿಯ ಬೇರು ನೋಡುವುದರಲ್ಲಿದೆ, ನಮ್ಮ ತತ್ವಶಾಸ್ತ್ರಗಳೂ ತಮ್ಮನ್ನು ದರ್ಶನ ಎಂದೇ ಕರೆದುಕೊಂಡವು. ಎಲ್ಲವೂ ನೋಟವೇ. ಚರಕದ ಹೆಂಗಸು ಹನ್ನೊಂದನೇ ತಾರೀಕು ಹೇಳಿದ್ದು ಅದನ್ನೇ ತಾನೇ, ನೋಡ್ತಾ ಕೂತ್ರೆ ಗೊತ್ತಾಗಲ್ಲ ಎಂದು.

ಮದ್ದುಮಾಟದ ಅರ್ಥ ಅಡ್ಡಿಯಾಗುತ್ತದೆ, ಹೌದು. ಮಾಟ ಎಂದೊಡನೆ ನಿಂಬೆಹಣ್ಣು, ಕುಂಕುಮ, ಮೂರು ದಾರಿ ಕೂಡುವಲ್ಲಿ ಗೊಂಬೆ. ಆದರೆ ಅದನ್ನು ಕಿತ್ತೆಸೆಯಬೇಕೇ? ಮನುಷ್ಯನ ಕೈಯಿಂದ ಆದ ಸರಕು ತನ್ನದೇ ಜೀವ ಬಂದಂತೆ ಮಾಡಿದವನ ಮೇಲೆಯೇ ಸವಾರಿ ಮಾಡುವ ಮಾಯೆಯನ್ನು ‘ಬಂಡವಾಳ’ದ ಮೊದಲ ಅಧ್ಯಾಯದಲ್ಲಿ ವಿವರಿಸಿದವನು ಇವನೇ. ಆಕೆಯ ಬೆರಳಿನಿಂದ ಎದ್ದ ಎಳೆ ಆಕೆಯ ಬೆರಳನ್ನೇ ಮಂಕು ಮಾಡಿತು. ಮಾಡಿದ್ದು ಮಾಡಿದವರಿಗೇ ಮಾಟವಾಗುವುದು ಎಂದರೆ ಇದಲ್ಲವೇ?

ರಾತ್ರಿ ನಿದ್ದೆ ಬರಲಿಲ್ಲ. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಹುಡುಗನ ಹಾಗೆ.

ಜುಲೈ 1, ಸೋಮವಾರ

ಊರ ಹೊರಗೆ ಹೊಸದಾಗಿ ಬಂದಿರುವ ಎ.ಆರ್.ಎಂ., ಅಂದರೆ ತಾನೇ ನೂಲು ಬಿಚ್ಚುವ ಯಂತ್ರದ ಘಟಕ ನೋಡಿ ಬಂದೆ. ಚೀನಾದ ಯಂತ್ರ, ನಾನೂರು ಎಳೆ ಒಟ್ಟಿಗೆ ತೆಗೆಯುತ್ತದೆ. ನೂಲು ಸಣ್ಣಗಾದರೆ ಯಂತ್ರಕ್ಕೇ ತಿಳಿಯುತ್ತದೆ, ತಾನೇ ಹೊಸ ಗೂಡಿನ ಎಳೆ ಕೊಡುತ್ತದೆ. ಹೆಣ್ಣುಮಕ್ಕಳು ಓಡಾಡುತ್ತ ಮೇಲ್ವಿಚಾರಣೆ ಮಾಡುತ್ತಾರೆ. ಯಾರ ಕೈಯೂ ಕುದಿನೀರಿನಲ್ಲಿಲ್ಲ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳ ಬೆರಳನ್ನು ಕದ್ದು ನೋಡಿದೆ, ಉಗುರಿಗೆ ಬಣ್ಣವಿತ್ತು. ಬಿಳಿ ಬೈವೋಲ್ಟೈನ್ ತಳಿಯ ಗೂಡು, ಒಂದೊಂದರಲ್ಲಿ ಸಾವಿರ ಮೀಟರ್ ದಾಟುವ ಎಳೆ. ಬಂದ ನೂಲಿನ ಮುಂದೆ ಚರಕದ ನೂಲು ಒರಟು.

ಹದ ಯಂತ್ರದೊಳಕ್ಕೆ ಹೋಗಿದೆ. ಇದನ್ನು ಶೋಕಿಸಬೇಕೆಂದು ನನ್ನ ಸಾಹಿತ್ಯದ ಮನಸ್ಸು ಎಳೆಯುತ್ತದೆ. ಕೈಮಗ್ಗ, ಕೈನೂಲು, ಕೈತುತ್ತು ಎಂದು ಕರಗುವ ಜಾತಿ ನಮ್ಮದು. ಮೊಣಕೈ ಅದ್ದಿ ಮಗುವಿನ ನೀರು ನೋಡುವವರ ಮುಂದೆ ನಿಂತು ಕರಗಲಿ ನೋಡೋಣ.

ಸಂಜೆ ಚರಕದ ಹೆಂಗಸಿಗೆ ನನ್ನ ಪದದ ಕಥೆ ಹೇಳಿದೆ. ಎಲ್ಲ ಕೇಳಿ, ‘ಮಾಟ ಅನ್ಬೇಡಿ ಮೇಷ್ಟ್ರೇ, ಜನ ಹೆದ್ರುಕೊಂತಾರೆ. ಕೆಲಸ ಅನ್ನಿ, ಸಾಕು’ ಎಂದರು. ಕೆಲಸ ಬೇರೆ, ಇದು ಬೇರೆ ಎಂದು ಬಿಡಿಸಿ ಹೇಳಲು ಹೊರಟೆ. ಕೂಲಿಗೆ ಮಾಡುವುದು, ಮನೆಯಲ್ಲಿ ಮಾಡುವುದು, ಹಾಡುವುದು, ಯೂನಿಯನ್ ಕಟ್ಟುವುದು, ಮುಷ್ಕರ ಹೂಡುವುದು, ಎಲ್ಲ ಸೇರಿದ್ದು ಅದು ಎಂದೆ. ‘ಅಷ್ಟೆಲ್ಲ ಮಾಡೋಕೆ ಟೈಮೆಲ್ಲಿ ಐತೆ?’ ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ. ನನ್ನ ಹತ್ತು ಪುಟದಲ್ಲಿ ಇಲ್ಲದೆ ಹೋದದ್ದು ಆ ಟೈಮು.

ಜುಲೈ 4, ಗುರುವಾರ

ಮೂರನೇ ಸೂತ್ರ. ಪರಿಸ್ಥಿತಿಯನ್ನು ಬದಲಿಸುವುದೂ ತಾನು ಬದಲಾಗುವುದೂ ಒಂದಾಗುವ ಜಾಗವೇ ಕ್ರಾಂತಿಕಾರಿ ಪ್ರಾಕ್ಸಿಸ್ ಎಂದಿದ್ದಾನೆ ಮಾರ್ಕ್ಸ್. 1888ರಲ್ಲಿ ಅಚ್ಚು ಮಾಡುವಾಗ ಎಂಗೆಲ್ಸ್ ‘ತಾನು ಬದಲಾಗುವುದು’ ಎಂಬುದನ್ನು ಬಿಟ್ಟುಬಿಟ್ಟ. ಯಾಕೋ. ನಮ್ಮ ಅಧ್ಯಯನ ಕೂಟ ಓದಿದ್ದು ಆ ಪಾಠವನ್ನೇ. ಅದಕ್ಕೇ ನಾವು ಯಾರೂ ಬದಲಾಗಲಿಲ್ಲ ಎಂದು ತಮಾಷೆಗೆ ಬರೆದು, ಹೊಡೆದುಹಾಕಿದೆ. ಆ ಆರು ಜನರಲ್ಲಿ ಇಬ್ಬರು ರಿಯಲ್ ಎಸ್ಟೇಟಿನಲ್ಲಿದ್ದಾರೆ. ಅದೂ ಬದಲಾವಣೆಯೇ.

ಚರಕದ ಹೆಂಗಸಿನ ಬೆರಳು ಬದಲಾಗಿದೆ, ಆಕೆಯ ಪರಿಸ್ಥಿತಿ ಬದಲಾಗಿಲ್ಲ. ಬರೀ ಕೈ ಕುದುರಿದ್ದನ್ನು ಮಾಟ ಎಂದು ಕರೆದುಬಿಟ್ಟರೆ ಮೋಸವಾಗುತ್ತದೆ. ಎರಡೂ ಒಟ್ಟಿಗೆ ಆದಾಗ ಮಾತ್ರ ಆ ಪದ ಎಂದು ಟಿಪ್ಪಣಿಯಲ್ಲಿ ಸೇರಿಸಿದೆ. ಕಲಿಸುವವನೂ ಕಲಿಯಬೇಕಾದವನೇ ಎಂಬ ಮಾತೂ ಇದೇ ಸೂತ್ರದಲ್ಲಿದೆ. ಅದಕ್ಕೆ ನಾನು ಟಿಪ್ಪಣಿ ಬರೆಯಲಿಲ್ಲ. ಕಟಕಟ ಎಂದ ಆ ಎರಡು ಗೂಡು, ಅವತ್ತು ತಂದು ಒಣಗಿಸಿಟ್ಟವು, ಮೇಜಿನ ಮೇಲೇ ಇವೆ, ಇವತ್ತೂ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಒಂದು ಸ್ವಲ್ಪ ಮಂಕು ಎನ್ನಿಸಿತು.

ಜುಲೈ 8, ಸೋಮವಾರ

ಕಳಿಸಿದೆ. ಪ್ರಾಕ್ಸಿಸ್ ಬಂದ ಕಡೆಯಲ್ಲೆಲ್ಲ ‘ಮಾಟ’, ಮೊದಲ ಸಲ ಬಂದಲ್ಲಿ ಅರ್ಧ ಪುಟದ ಅಡಿಟಿಪ್ಪಣಿ. ಹತ್ತು ಪುಟ ಕೇಳಿದ್ದ, ಹದಿನಾಲ್ಕಾಯಿತು. ಮಿಲ್ಟನ್ ಮತ್ತು ಹುಳುವಿನ ಭಾಗವನ್ನು ಬಿಡಲು ಮನಸ್ಸಾಗಲಿಲ್ಲ.

ಸಂಜೆ ಅವನ ಫೋನು. ‘ಮಾಟ ಅಂತ ಇಟ್ರೆ ಓದುಗರು ನಿಂಬೆಹಣ್ಣು ಹುಡುಕ್ತಾರೆ ಕಣಯ್ಯ’ ಎಂದ. ಹುಡುಕಲಿ, ಅಡಿಟಿಪ್ಪಣಿಯಲ್ಲಿ ಸಿಗುತ್ತದೆ ಎಂದೆ. ಪದ ಬದಲಿಸುವುದಾದರೆ ಇಡೀ ಲೇಖನ ವಾಪಸು ಕಳಿಸು ಎಂದೂ ಹೇಳಿದೆ. ನಕ್ಕು, ಆಗಸ್ಟ್ ಸಂಚಿಕೆಗೆ ನೋಡೋಣ ಎಂದ. ಗೌರವಧನದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.